ಸಸಿ ಆಮೇಲೆ, ಮೊದಲು ಬಿಸಿ, ನೀರು, ಮಣ್ಣು

ನಗರಗಳಲ್ಲಿ ಹಸಿರು ಜಾಗಗಳ ಯೋಜನೆ ಮಾಡುವುದು ನನ್ನ ಕೆಲಸ. ನಗರ ಬೆಳೆಯುವಾಗ ಪಾರ್ಕಿಗೆ ಸಿಗುವುದು ಸೈಟು, ರಸ್ತೆಗಳಿಗೆ ಹಂಚಿ ಮಿಕ್ಕ ಮೂಲೆ. ನಾನು ಆ ಮೂಲೆಯಿಂದ ಶುರು ಮಾಡುವುದಿಲ್ಲ. ಎಲ್ಲಿ ಜಾಸ್ತಿ ಸುಡುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಅಂತ ಮೊದಲು ನೋಡುತ್ತೇನೆ.

ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಆದರೆ ಲ್ಯಾಂಡ್‌ಸ್ಯಾಟ್ 8 ಬಿಸಿ ಅಳೆಯುವುದು 100 ಮೀಟರ್ ಚೌಕಗಳಲ್ಲಿ. ಒಂದು ಬಸ್ ಸ್ಟಾಪಿನ ಬಿಸಿ ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ. ಅದು ಹೇಳುವುದೂ ನೆಲದ, ತಾರಸಿಯ ಬಿಸಿ, ಗಾಳಿಯದಲ್ಲ. ಅದಕ್ಕೇ ಥರ್ಮಾಮೀಟರ್ ಹಿಡಿದು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಬೀದಿ ಸುತ್ತುತ್ತೇನೆ. ಕಾಂಕ್ರೀಟು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಬಿಡುತ್ತದೆ. ತಗಡಿನ ಸೂರಿನ, ಒತ್ತೊತ್ತು ಮನೆಗಳಲ್ಲಿ ನಿದ್ದೆ ಕೆಡುವುದು ಆಗಲೇ ಅಲ್ವಾ? ನನ್ನ ನಕ್ಷೆಯಲ್ಲಿ ಮೊದಲ ಗುರುತು ಅಲ್ಲಿ ಬೀಳುತ್ತದೆ.

ನೀರಿನ ವಿಷಯದಲ್ಲಿ ನನ್ನದು ಒಂದೇ ಹಟ: ಪಾರ್ಕು ರಸ್ತೆಗಿಂತ ತಗ್ಗಿನಲ್ಲಿರಬೇಕು. ಸಾಮಾನ್ಯವಾಗಿ ಮಣ್ಣು ಏರಿಸಿ ಸುತ್ತ ಕಟ್ಟೆ ಕಟ್ಟುತ್ತಾರೆ, ಮಳೆ ನೀರೆಲ್ಲ ರಸ್ತೆಯಲ್ಲೇ ಉಳಿಯುತ್ತದೆ. 2011ರ ಜುಲೈ ಮಳೆಗೆ ಮುಳುಗಿದ ಡೆನ್ಮಾರ್ಕಿನ ಕೋಪನ್‌ಹೇಗನ್ ಮರುವರ್ಷವೇ ಹೊಸ ಯೋಜನೆ ಮಾಡಿತು. ಅಲ್ಲಿನ ಎಂಗಾವೆ ಪಾರ್ಕ್ ಈಗ ದೊಡ್ಡ ಮಳೆ ಬಂದಾಗ ಸುಮಾರು 22,600 ಘನ ಮೀಟರ್ ನೀರು ಹಿಡಿದಿಡಬಲ್ಲದು. ಮಿಕ್ಕ ದಿನ ಅದು ಮಕ್ಕಳು ಆಡುವ ಪಾರ್ಕು.

ಆಮೇಲೆ ಮಣ್ಣು. ನಾನು ಜಾಸ್ತಿ ಹೊತ್ತು ಕಳೆಯುವುದು ಇಲ್ಲೇ. ಲಾರಿ, ರೋಲರ್ ಓಡಾಡಿದ ನೆಲ ಅಗೆದರೆ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು ಸಿಗುತ್ತದೆ. ಮೊಣಕಾಲುದ್ದ ಗುಂಡಿ ತೋಡಿಸಿ, ನೀರು ತುಂಬಿಸಿ, ಪಕ್ಕದಲ್ಲಿ ಅಳತೆ ಕಡ್ಡಿ ನೆಟ್ಟು ಕೂರುತ್ತೇನೆ. ನೀರು ಇಳಿಯದಿದ್ದರೆ ಬೇರೂ ಇಳಿಯುವುದಿಲ್ಲ. ಅಂಥ ಕಡೆ ಸಸಿ ನೆಡುವುದು ಕುಂಡದಲ್ಲಿ ನೆಟ್ಟ ಹಾಗೆ, ಮರ ನೆರಳು ಕೊಡುವಷ್ಟು ಬೆಳೆಯುವುದೇ ಇಲ್ಲ. ಒಂಟಿ ಗುಂಡಿಗಳ ಬದಲು ಉದ್ದನೆಯ ಕಾಲುವೆ ತೋಡಿಸಿ, ಗೊಬ್ಬರ ಬೆರೆಸಿದ ಸಡಿಲ ಮಣ್ಣು ತುಂಬಿಸುತ್ತೇನೆ. ಬೇರುಗಳಿಗೆ ಹರಡಲು ಜಾಗ ಸಿಗುತ್ತದೆ.

ಮರದ ಜಾತಿ ಆರಿಸುವಾಗ ಅಮೆರಿಕದ ಮರ ವಿಜ್ಞಾನಿ ಫ್ರಾಂಕ್ ಸಾಂತಮೂರ್ 1990ರಲ್ಲಿ ಹೇಳಿದ ಲೆಕ್ಕ ನನಗೆ ಮಿತಿ: ಒಟ್ಟು ಮರಗಳಲ್ಲಿ ಒಂದೇ ಜಾತಿಯವು ಶೇ. 10 ದಾಟಬಾರದು. ಒಂದು ರೋಗ ಬಂದು ಬೀದಿಗೆ ಬೀದಿಯೇ ಬೋಳಾಗಬಾರದು.

ಬರೀ ಸಸಿ ನೆಡಲು ದುಡ್ಡಿಟ್ಟ ಟೆಂಡರಿಗೆ ನಾನು ಸಹಿ ಹಾಕುವುದಿಲ್ಲ. ಮೊದಲ ಮೂರು ಬೇಸಿಗೆ ನೀರು ಯಾರು ಹಾಕುತ್ತಾರೆ, ಎಲ್ಲಿಂದ ತರುತ್ತಾರೆ, ಸತ್ತ ಸಸಿಯ ಜಾಗಕ್ಕೆ ಹೊಸದು ಯಾರು ನೆಡುತ್ತಾರೆ ಎಂದು ಅದರಲ್ಲೇ ಬರೆಸುತ್ತೇನೆ.