ಹಳೇ ಪಿಕಪ್‌ನಲ್ಲಿರುವ ಗೇರ್‌ಬಾಕ್ಸ್ ಯಾವುದು? ಗಾಡಿ ಕೆಳಗೆ ಮಲಗಿ ನೋಡಿ

ಗೇರ್ ಲಿವರ್‌ನ ತುದಿಯಲ್ಲಿ ಒಂದು ಗುಂಡು ಇರುತ್ತದೆ. ಅದರ ಮೇಲೆ ಒಂದು, ಎರಡು, ಮೂರು ಎಂದು ಗೇರ್‌ಗಳ ನಕ್ಷೆ. ಹಳೇ ಪಿಕಪ್ ಕೊಳ್ಳಲು ಹೋದವರು ಮೊದಲು ನೋಡುವುದು ಅದನ್ನೇ. ದಯವಿಟ್ಟು ಅದನ್ನು ನಂಬಬೇಡಿ. ಆ ಗುಂಡು ತಿರುಗಿಸಿದರೆ ಬರುತ್ತದೆ, ಇನ್ನೊಂದು ಗಾಡಿಯದ್ದು ಅಲ್ಲೇ ಕೂರುತ್ತದೆ. ಮೂವತ್ತು ನಲವತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆಯೋ!

ನಾನು ಒಮ್ಮೆ ಮಾರಿದವರ ಮಾತು ನಂಬಿ ಕ್ಲಚ್ ಪ್ಲೇಟ್ ತಂದೆ. ಗೇರ್‌ಬಾಕ್ಸ್ ಇಳಿಸಿ ಜೋಡಿಸಲು ಹೋದಾಗ ಪ್ಲೇಟಿನ ನಡುವಿನ ತೂತು ಶಾಫ್ಟಿಗೆ ಹೊಂದಲಿಲ್ಲ. ಎರಡು ದಿನದ ಕೆಲಸ ದಂಡ. ಆಮೇಲಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಗೇರ್‌ಬಾಕ್ಸಿನ ಹೆಸರು ಹೇಳಲು ಕನಿಷ್ಠ ಎರಡು ಗುರುತು ಸಿಗಬೇಕು. ಆ ಎರಡೂ ಸುಲಭವಾಗಿ ಬದಲಾಯಿಸಲು ಬಾರದವು ಆಗಿರಬೇಕು.

ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಅಮೆರಿಕದ ಫೋರ್ಡ್, ಷೆವ್ರೊಲೆ, ಡಾಡ್ಜ್ ಪಿಕಪ್‌ಗಳ ಬಗ್ಗೆ. ಜೊತೆಗೆ ಸ್ವಲ್ಪ ಟೊಯೊಟಾ ಮತ್ತು ಜೀಪ್.

ಮೊದಲು ಕಾಗದ, ಆದರೆ ಸುಳಿವಿಗೆ ಮಾತ್ರ

ಟೊಯೊಟಾ ಪಿಕಪ್ ಆದರೆ ಬಾನೆಟ್ ಎತ್ತಿ. ಎಂಜಿನ್ ಹಿಂದಿನ ಗೋಡೆಯ ಮೇಲಿನ ತಗಡಿನ ಫಲಕದಲ್ಲಿ ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗೆ ಒಂದು ಸಾಲು ಇರುತ್ತದೆ. ಅಲ್ಲಿ ಡಬ್ಲ್ಯು56 ಅಂತಲೋ ಆರ್150ಎಫ್ ಅಂತಲೋ ನೇರವಾಗಿ ಬರೆದಿರುತ್ತದೆ. ಡಬ್ಲ್ಯು56 ನಾಲ್ಕು ಸಿಲಿಂಡರಿನ 22ಆರ್ ಎಂಜಿನ್ ಜೊತೆ ಬಂತು. ಆರ್150ಎಫ್ ವಿ6 ಜೊತೆ, ಆರ್151ಎಫ್ ಟರ್ಬೊ ಎಂಜಿನ್ ಜೊತೆ. ಇಷ್ಟು ಸಲೀಸಾದ ವ್ಯವಸ್ಥೆ ಎಲ್ಲರೂ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ.

ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಮುಚ್ಚಳದ ಒಳಗೆ ಮೂರು ಮೂರು ಅಕ್ಷರದ ಕೋಡ್‌ಗಳ ಸ್ಟಿಕ್ಕರ್ ಹುಡುಕಿ. ಎಂ20 ಇದ್ದರೆ ಗೇರ್‌ಬಾಕ್ಸ್ ಎಸ್‌ಎಂ465. ಎಂಟಿ8 ಇದ್ದರೆ ಎನ್‌ವಿ4500. ಫೋರ್ಡ್‌ನಲ್ಲಿ ಚಾಲಕನ ಬಾಗಿಲ ಬಳಿಯ ಲೇಬಲ್‌ನಲ್ಲಿ ಗೇರ್‌ಬಾಕ್ಸಿಗೆ ಬೇರೆ ಚೌಕ ಇದೆ.

ಆದರೆ ಇವೆಲ್ಲ ಹೇಳುವುದು ಕಾರ್ಖಾನೆಯಿಂದ ಹೊರಟ ದಿನ ಏನಿತ್ತು ಎಂದು. ಇವತ್ತು ಏನಿದೆ ಎಂದು ತಿಳಿಯಬೇಕಾದರೆ ಕೆಳಗೆ ಇಳಿಯಲೇಬೇಕು.

ಕೆಳಗೆ ಹೋಗುವ ಮುಂಚೆ

ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ಬ್ಯಾಟರಿ ತಂತಿ ತೆಗೆಯಿರಿ. ಗಾಡಿ ಎತ್ತುವುದಾದರೆ ಭಾರ ಸ್ಟ್ಯಾಂಡಿನ ಮೇಲೇ ಇರಲಿ. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬಾರದು, ಒಂದು ನಿಮಿಷಕ್ಕೂ ಬೇಡ.

ಕೈಯಲ್ಲಿ ಟಾರ್ಚ್, ತಂತಿ ಬ್ರಷ್, ಒಂದು ಪುಟ್ಟ ಮ್ಯಾಗ್ನೆಟ್, ಸೀಮೆಸುಣ್ಣ, ಹಳೇ ಬಟ್ಟೆ ಇರಲಿ. ಫೋನ್ ಹೇಗೂ ಇರುತ್ತದೆ. ಗೇರ್‌ಬಾಕ್ಸಿನ ಎರಡು ಪಕ್ಕ ಮತ್ತು ತಳವನ್ನು ಚೆನ್ನಾಗಿ ಕೆರೆದು ಒರೆಸಿ. ಗ್ರೀಸು ಮಣ್ಣು ಸೇರಿ ಬೆರಳು ದಪ್ಪ ಮೆತ್ತಿಕೊಂಡಿರುತ್ತದೆ. ಇದನ್ನು ಬಿಟ್ಟು ಸುಮ್ನೆ ಇಣುಕಿದರೆ ಎಲ್ಲಾ ಗೇರ್‌ಬಾಕ್ಸೂ ಒಂದೇ ಥರ ಕಾಣುತ್ತದೆ.

ಮ್ಯಾಗ್ನೆಟ್ ಹಿಡಿಯಿರಿ

ಅಂಟಿದರೆ ಬೀಡು ಕಬ್ಬಿಣ. ಅಂಟದಿದ್ದರೆ ಅಲ್ಯೂಮಿನಿಯಂ. ಈ ಒಂದು ಪರೀಕ್ಷೆಗೇ ಪಟ್ಟಿ ಅರ್ಧದಷ್ಟು ಕಡಿಮೆಯಾಗುತ್ತದೆ.

ಭಾರ ಹೊರುವ ಹಳೇ ನಾಲ್ಕು ಗೇರಿನವು ಕಬ್ಬಿಣದವು: ಟಿ-18, ಟಿ-19, ಎನ್‌ಪಿ435, ಎಸ್‌ಎಂ420, ಎಸ್‌ಎಂ465. ಐದು ಗೇರಿನ ಎನ್‌ವಿ4500 ಕೂಡ ಕಬ್ಬಿಣವೇ. ಫೋರ್ಡ್‌ನ ಎಂ5ಒಡಿ ಮತ್ತು ಝಡ್‌ಎಫ್ ಎಸ್5-42, ಷೆವ್ರೊಲೆಯ ಎನ್‌ವಿ3500, ಎಸ್-10 ಪಿಕಪ್‌ನ ಟಿ-5 ಇವು ಅಲ್ಯೂಮಿನಿಯಂ. ಕೈಗೆ ಸಿಗುವ ತೂಕದಲ್ಲೂ ದೊಡ್ಡ ವ್ಯತ್ಯಾಸ ಇದೆ. ಟಿ-5 ಅನ್ನು ಗಟ್ಟಿಮುಟ್ಟಾದ ಒಬ್ಬರು ಎತ್ತಬಹುದು. ಎಸ್‌ಎಂ465 ಹೆಚ್ಚುಕಡಿಮೆ 80 ಕೆಜಿ, ಅದಕ್ಕೆ ಗೇರ್‌ಬಾಕ್ಸ್ ಜಾಕೇ ಬೇಕು.

ಕೇಸಿಗೆ, ಅಂದರೆ ಗೇರ್‌ಬಾಕ್ಸಿನ ಹೊರ ಡಬ್ಬಕ್ಕೆ, ಹಿಡಿದ ಮ್ಯಾಗ್ನೆಟ್ಟನ್ನು ಮೇಲಿನ ಮುಚ್ಚಳಕ್ಕೂ ಹಿಡಿದು ನೋಡಿ. ಯಾಕೆ ಅಂತ ಈಗ ಹೇಳುತ್ತೇನೆ.

ಫೋರ್ಡ್: ಟಿ-18 ಮತ್ತು ಎನ್‌ಪಿ435

ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಈ ಜೋಡಿಯಲ್ಲಿ. ಎರಡೂ ಬೀಡು ಕಬ್ಬಿಣ, ಎರಡಕ್ಕೂ ನಾಲ್ಕು ಗೇರ್. ಎರಡರಲ್ಲೂ ಮೊದಲ ಗೇರ್ ಹೊರೆ ಎಳೆಯುವುದಕ್ಕೆ ಮಾತ್ರ. ಖಾಲಿ ಗಾಡಿ ಎರಡನೇ ಗೇರಿನಲ್ಲೇ ಹೊರಡುತ್ತದೆ.

ಮೇಲಿನ ಮುಚ್ಚಳ ನೋಡಿ. ಎನ್‌ಪಿ435ರ ಕೇಸು ಕಬ್ಬಿಣ, ಮುಚ್ಚಳ ಅಲ್ಯೂಮಿನಿಯಂ. ಟಿ-18ರಲ್ಲಿ ಮುಚ್ಚಳವೂ ಕಬ್ಬಿಣ. ಮ್ಯಾಗ್ನೆಟ್ ಕೇಸಿಗೆ ಅಂಟಿ ಮುಚ್ಚಳದಿಂದ ಜಾರಿ ಬಿದ್ದರೆ ನಿಮ್ಮ ಮೊದಲ ಗುರುತು ಸಿಕ್ಕಿತು.

ಎರಡನೇ ಗುರುತು ಕೇಸಿನ ಪಕ್ಕದಲ್ಲಿದೆ. ಅಲ್ಲಿ ಆರು ಬೋಲ್ಟು ಹಾಕಿದ ಒಂದು ಚಪ್ಪಟೆ ಮುಚ್ಚಳ ಕಾಣುತ್ತದೆ. ಇದನ್ನು ಪಿಟಿಒ ಕಿಟಕಿ ಅನ್ನುತ್ತಾರೆ. ವಿಂಚ್ ಅಥವಾ ಡಂಪರಿನ ಹೈಡ್ರಾಲಿಕ್ ಪಂಪ್ ಓಡಿಸಲು ಎಂಜಿನ್ ಬಲವನ್ನು ಇಲ್ಲಿಂದ ತೆಗೆಯುತ್ತಾರೆ. ಟಿ-18ರಲ್ಲಿ ಈ ಕಿಟಕಿ ಎರಡೂ ಪಕ್ಕ ಇದೆ. ಎನ್‌ಪಿ435ರಲ್ಲಿ ಬಲಗಡೆ ಮಾತ್ರ. ಅಮೆರಿಕದ ಗಾಡಿಯಲ್ಲಿ ಚಾಲಕ ಎಡಕ್ಕೆ ಕೂರುವುದರಿಂದ ಬಲ ಎಂದರೆ ಪಕ್ಕದ ಸೀಟಿನ ಕಡೆ. ಮುಚ್ಚಳ ಮತ್ತು ಕಿಟಕಿ ಎರಡೂ ಒಂದೇ ಉತ್ತರ ಕೊಟ್ಟರೆ ಇನ್ನು ಅನುಮಾನ ಬೇಡ.

ಟಿ-18 ಮತ್ತು ಟಿ-19 ಮಾತ್ರ ಅಣ್ಣತಮ್ಮಂದಿರ ಹಾಗೆ. ಹೊರಗಿಂದ ನೋಡಿ ಹೇಳುವುದು ಕಷ್ಟ, ಓಡಿಸಿದರೆ ಗೊತ್ತಾಗುತ್ತದೆ. ಟಿ-19ರ ಮೊದಲ ಗೇರಿಗೂ ಸಿಂಕ್ರೊ (ಗೇರ್ ಬೀಳುವ ಮುಂಚೆ ವೇಗ ಸಮ ಮಾಡುವ ಉಂಗುರ) ಇದೆ, ಟಿ-18ರಲ್ಲಿ ಇಲ್ಲ. ನಡಿಗೆಯ ವೇಗದಲ್ಲಿ ಗಾಡಿ ಉರುಳುತ್ತಿರುವಾಗ ಕ್ಲಚ್ ಪೂರ್ತಿ ತುಳಿದು, ಎರಡರಿಂದ ಒಂದಕ್ಕೆ ಮೆಲ್ಲಗೆ ತನ್ನಿ. ಮೆತ್ತಗೆ ಒಳಗೆ ಹೋದರೆ ಟಿ-19. ಕರ್ ಕರ್ ಎಂದು ಹಲ್ಲು ಕಡಿದರೆ ಅಲ್ಲಿಗೇ ಬಿಟ್ಟುಬಿಡಿ, ಒತ್ತಬೇಡಿ. ಒಂದು ಎಚ್ಚರಿಕೆ: ಟಿ-19ರ ಸಿಂಕ್ರೊ ಸವೆದಿದ್ದರೂ ಹೀಗೇ ಕಡಿಯುತ್ತದೆ. ಹಾಗಾಗಿ ಗೇರ್ ಮೆತ್ತಗೆ ಬಿದ್ದರೆ ಅದು ಪುರಾವೆ. ಬೀಳದಿದ್ದರೆ ಬರೀ ಅನುಮಾನ.

ಸುತ್ತು ಎಣಿಸುವ ಪರೀಕ್ಷೆ

ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ ಇದು. ಇದರಲ್ಲಿ ಸಿಕ್ಕುವುದು ಕೇಸಿನ ಒಳಗಿನ ಹಲ್ಲುಗಳೇ ಕೊಡುವ ಉತ್ತರ.

ಹಿಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ ಸ್ಟ್ಯಾಂಡ್ ಕೊಡಿ. ಹ್ಯಾಂಡ್ ಬ್ರೇಕ್ ಬಿಡಿ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದರೆ ಎಂಜಿನ್ ಕೈಯಲ್ಲೇ ಸಲೀಸಾಗಿ ತಿರುಗುತ್ತದೆ. ನಾಲ್ಕು ಚಕ್ರ ಎಳೆಯುವ ಗಾಡಿ ಆದರೆ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಎರಡು ಚಕ್ರದ ಹೈ ಸ್ಥಾನದಲ್ಲಿಡಿ. ಎಂಜಿನ್ ಮುಂಭಾಗದ ಕ್ರ್ಯಾಂಕ್ ಪುಲ್ಲಿಗೆ ಸೀಮೆಸುಣ್ಣದ ಒಂದು ಗೆರೆ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಗೆರೆ. ಮೊದಲ ಗೇರ್ ಹಾಕಿ. ಒಬ್ಬರು ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಲಿ, ಇನ್ನೊಬ್ಬರು ಶಾಫ್ಟ್ ನೋಡಲಿ.

ಶಾಫ್ಟ್ ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತಬೇಕೋ ಅದೇ ಆ ಗೇರಿನ ಅನುಪಾತ. ಟಿ-18ರಲ್ಲಿ ಸಾಮಾನ್ಯವಾಗಿ 6.32, ಫೋರ್ಡ್ ಎನ್‌ಪಿ435ರಲ್ಲಿ 6.68. ಒಂದೇ ಸುತ್ತಿಗೆ ಈ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಶಾಫ್ಟನ್ನು ಮೂರು ಸುತ್ತು ಬರಿಸಿ. ಟಿ-18 ಆದರೆ ಎಂಜಿನ್ 19 ಸುತ್ತು, ಎನ್‌ಪಿ435 ಆದರೆ 20. ಪೂರ್ತಿ ಒಂದು ಸುತ್ತಿನ ಅಂತರ! ಟಿ-18ರಲ್ಲಿ ಮೊದಲ ಗೇರ್ 4.02 ಇರುವ ಮಾದರಿಯೂ ಇದೆ, ಅದಕ್ಕೆ ಎಣಿಕೆ 12 ಬರುತ್ತದೆ. ಡಾಡ್ಜ್‌ಗೆ ಹೋದ ಎನ್‌ಪಿ435ಗಳಲ್ಲೂ 6.68 ಅಲ್ಲದವು ಇವೆ. ಆದ್ದರಿಂದ ಎಣಿಕೆಯ ಜೊತೆ ಮುಚ್ಚಳ ಮತ್ತು ಕಿಟಕಿಯ ಗುರುತನ್ನೂ ಸೇರಿಸಿಯೇ ತೀರ್ಮಾನ ಮಾಡಿ.

ಷೆವ್ರೊಲೆ ಮತ್ತು ಜಿಎಂಸಿಯ ಹಳಬರಲ್ಲೂ ಇದೇ ಎಣಿಕೆ ಕೈ ಹಿಡಿಯುತ್ತದೆ. 1967ರವರೆಗೆ ಬಂದದ್ದು ಎಸ್‌ಎಂ420, ಅದರ ಮೊದಲ ಗೇರ್ 7.05. 1968ರಿಂದ 1991ರವರೆಗೆ ಎಸ್‌ಎಂ465, ಮೊದಲ ಗೇರ್ 6.55. ಶಾಫ್ಟಿನ ಎರಡು ಸುತ್ತಿಗೆ ಒಂದರಲ್ಲಿ 14, ಇನ್ನೊಂದರಲ್ಲಿ 13.

ಎಣಿಸಲು ಕುಳಿತಿದ್ದೀರಿ ಅಂದಮೇಲೆ ಕೊನೆಯ ಗೇರನ್ನೂ ನೋಡಿಬಿಡಿ. ಹಳೇ ನಾಲ್ಕು ಗೇರಿನ ಕಬ್ಬಿಣದ ಡಬ್ಬಗಳಲ್ಲಿ ನಾಲ್ಕನೆಯದು ನೇರ. ಎಂಜಿನ್ ಒಂದು ಸುತ್ತು, ಶಾಫ್ಟ್ ಒಂದು ಸುತ್ತು. ಆದರೆ ನಾಲ್ಕನೇ ಗೇರಿನಲ್ಲಿ ಎಂಜಿನ್ ಮುಕ್ಕಾಲು ಸುತ್ತಿಗೇ ಶಾಫ್ಟ್ ಒಂದು ಸುತ್ತು ಮುಗಿಸಿದರೆ ಅದು ಓವರ್‌ಡ್ರೈವ್. ಡಾಡ್ಜ್ ಪಿಕಪ್‌ಗಳಲ್ಲಿ, ಮತ್ತು 80ರ ದಶಕದ ಕೆಲವು ಷೆವ್ರೊಲೆಗಳಲ್ಲಿ ಬಂದ ಎ833 ಓವರ್‌ಡ್ರೈವ್ ಹೀಗಿರುತ್ತದೆ. ಅದರ ಕೇಸು ಅಲ್ಯೂಮಿನಿಯಂ, ಗೇರ್ ಬದಲಿಸುವ ಸಲಾಕೆಗಳು ಹೊರಗೆ ಪಕ್ಕದಲ್ಲೇ ಕಾಣುತ್ತವೆ. ನಾಲ್ಕು ಗೇರ್ ಎಂದ ಕೂಡಲೇ ಭಾರದ ಗೇರ್‌ಬಾಕ್ಸ್ ಎಂದು ತಿಳಿದು ಇದಕ್ಕೆ ಮಣಗಟ್ಟಲೆ ಹೊರೆ ಕಟ್ಟಿದರೆ ಪಾಪ, ತಡೆಯುವುದಿಲ್ಲ.

ಐದು ಗೇರಿನವು

ಫೋರ್ಡ್‌ನಲ್ಲಿ 1987-88ರ ಹೊತ್ತಿಗೆ ಎರಡು ಹೊಸ ಗೇರ್‌ಬಾಕ್ಸ್ ಬಂದವು. ಎಫ್-150ಗೆ ಮಜ್ದಾ ಮಾಡಿದ ಎಂ5ಒಡಿ, ಎಫ್-250 ಮತ್ತು ಎಫ್-350ಕ್ಕೆ ಜರ್ಮನಿಯ ಝಡ್‌ಎಫ್ ಎಸ್5-42. ಎರಡೂ ಅಲ್ಯೂಮಿನಿಯಂ, ಎರಡರಲ್ಲೂ ಕ್ಲಚ್ ಮುಚ್ಚುವ ಬೆಲ್ ಹೌಸಿಂಗ್ ಕೇಸಿನ ಜೊತೆಗೇ ಎರಕ. ಝಡ್‌ಎಫ್‌ಗೆ ಪಿಟಿಒ ಕಿಟಕಿ ಇದೆ, ಎಂ5ಒಡಿಗೆ ಇಲ್ಲ. ಎಂ5ಒಡಿಯ ಮೇಲಿನ ಮುಚ್ಚಳದ ಹಿಂತುದಿಯಲ್ಲಿ ಮೂರು ಚಿಕ್ಕ ರಬ್ಬರ್ ಬಿರಡೆ ಇರುತ್ತವೆ. ವಯಸ್ಸಾದ ಮೇಲೆ ಅವು ಗಟ್ಟಿಯಾಗಿ ಆಯಿಲ್ ಒಸರುತ್ತದೆ. ಕೊಳ್ಳುವ ಮುಂಚೆ ಅಲ್ಲಿ ಬೆರಳಾಡಿಸಿ ನೋಡಿ. ಒದ್ದೆ ಇದ್ದರೆ ಒಳಗೆ ಆಯಿಲ್ ಎಷ್ಟು ಉಳಿದಿದೆ ಎಂದು ಮೊದಲು ಪರೀಕ್ಷಿಸಬೇಕು. ಎಫ್-150ಯಲ್ಲಿ ಬರುವ ಎಂ5ಒಡಿ-ಆರ್2ರ ಮೊದಲ ಗೇರ್ 3.90. ಝಡ್‌ಎಫ್‌ನದ್ದು 5.72 ಅಥವಾ 4.14.

ಷೆವ್ರೊಲೆ ಮತ್ತು ಡಾಡ್ಜ್‌ನ 90ರ ದಶಕದ ಜೋಡಿ ಎನ್‌ವಿ3500 ಮತ್ತು ಎನ್‌ವಿ4500. ಹೆಸರು ಹತ್ತಿರ, ದೇಹ ದೂರ. 3500 ಅಲ್ಯೂಮಿನಿಯಂ, 4500 ಕಬ್ಬಿಣ. ಮ್ಯಾಗ್ನೆಟ್ ಸಾಕು. ಡಾಡ್ಜ್ ಡೀಸೆಲ್ ಜೊತೆಗಿನ 4500ರಲ್ಲಿ ಐದನೇ ಗೇರಿನ ನಟ್ಟು ಸಡಿಲವಾಗುವ ದೋಷ ಹೆಸರಾದದ್ದು. ಐದನೇ ಗೇರ್ ಇದ್ದಕ್ಕಿದ್ದಂತೆ ಕೈ ಕೊಡುತ್ತದೆ.

ಜೀಪ್ ಕೊಮಾಂಚೆ ಪಿಕಪ್‌ನ ಆರು ಸಿಲಿಂಡರ್ ಗಾಡಿಗಳಲ್ಲಿ 1989ರ ನಡುವೆ ಗೇರ್‌ಬಾಕ್ಸ್ ಬದಲಾಯಿತು. ಮೊದಲು ಪ್ಯೂಜೋದ ಬಿಎ-10/5, ಆಮೇಲೆ ಐಸಿನ್‌ನ ಎಎಕ್ಸ್-15. ಕೇಸಿನ ಜೋಡಣೆಯ ಗೆರೆ ನೋಡಿ. ಗೆರೆ ಹಿಂದಿನಿಂದ ಮುಂದಕ್ಕೆ ಉದ್ದಕ್ಕೂ ಓಡಿದರೆ ಪ್ಯೂಜೋ. ಅಡ್ಡಡ್ಡಲಾಗಿ, ಉಂಗುರದಂತೆ ಸುತ್ತಿದ್ದರೆ ಎಎಕ್ಸ್-15. ನಾನಾದರೆ ಎರಡನೆಯದು ಇರುವ ಗಾಡಿಯನ್ನೇ ಹುಡುಕುತ್ತೇನೆ. ಅದು ಟೊಯೊಟಾದ ಆರ್150 ವಂಶದ್ದು, ಗಟ್ಟಿ.

ಬಿಲ್ಲೆ ಮತ್ತು ಎರಕದ ಅಂಕಿ

ಬೋಲ್ಟಿನ ತಲೆಯಡಿ ಸಿಕ್ಕಿಸಿದ ಪುಟ್ಟ ಲೋಹದ ಬಿಲ್ಲೆ ಉಳಿದಿದ್ದರೆ ನಿಮ್ಮ ಅದೃಷ್ಟ. ಟಿ-5ರಲ್ಲಿ ಅದು ಹಿಂಬದಿಯ ಹೌಸಿಂಗ್ ಬೋಲ್ಟಿಗೆ ಇರುತ್ತದೆ, ಅಂಕಿ 1352 ಎಂದು ಶುರುವಾಗುತ್ತದೆ. ಅದು ಪೂರ್ತಿ ಗೇರ್‌ಬಾಕ್ಸಿನ ಅಂಕಿ. ಕೇಸಿನ ಮೈಮೇಲೆ ಉಬ್ಬಿರುವ ಎರಕದ ಅಂಕಿ ಬೇರೆ, ಅದು ಆ ಒಂದು ತುಂಡಿನದ್ದು ಮಾತ್ರ. ಅದರ ಮೇಲೆ ಸೀಮೆಸುಣ್ಣ ಅಡ್ಡ ಹಿಡಿದು ಉಜ್ಜಿ, ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೊ ತೆಗೆಯಿರಿ. ಅಂಕಿ ಎದ್ದು ಕಾಣುತ್ತದೆ.

ಕ್ಲಚ್ ತರುವ ಮುಂಚೆ ಇನ್‌ಪುಟ್ ಶಾಫ್ಟಿನ, ಅಂದರೆ ಕ್ಲಚ್ ಪ್ಲೇಟ್ ಕೂರುವ ಶಾಫ್ಟಿನ, ಹಲ್ಲು ಎಣಿಸಿ ದಪ್ಪವನ್ನೂ ಅಳೆಯಿರಿ. ಹಳೇ ಫೋರ್ಡ್ ನಾಲ್ಕು ಗೇರಿನದ್ದು 10 ಹಲ್ಲು, ಸುಮಾರು 27 ಮಿ.ಮೀ. ಎಸ್‌ಎಂ465ರದ್ದೂ 10 ಹಲ್ಲು, ಆದರೆ ಸುಮಾರು 28.6 ಮಿ.ಮೀ. ನಾನು ಕೆಟ್ಟದ್ದು ಇಂಥದೇ ಕೂದಲೆಳೆಯ ವ್ಯತ್ಯಾಸದಲ್ಲಿ.

ಆಯಿಲ್ ಹಾಕುವಾಗ

ಹೆಸರು ತಿಳಿಯದೆ ಆಯಿಲ್ ಹಾಕಲೇಬಾರದು. ಹಳೇ ಕಬ್ಬಿಣದ ಡಬ್ಬಗಳು ದಪ್ಪ ಗೇರ್ ಆಯಿಲ್ ಕೇಳುತ್ತವೆ. ಟಿ-5, ಎಂ5ಒಡಿ, ಎಸ್5-42 ಇವಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ. ಎನ್‌ವಿ4500ಕ್ಕೆ ಜಿಎಲ್-4 ದರ್ಜೆಯ ಸಿಂಥೆಟಿಕ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಜಿಎಲ್-5 ಆಯಿಲ್‌ನ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ಉಂಗುರಗಳನ್ನು ತಿನ್ನಬಹುದು. ಒಳಗಿಂದ ಈಗ ಬರುವ ಎಣ್ಣೆಯ ಬಣ್ಣ ನೋಡಿ ಗೇರ್‌ಬಾಕ್ಸ್ ಯಾವುದೆಂದು ತೀರ್ಮಾನಿಸಬೇಡಿ. ಹಿಂದಿನವರು ತಪ್ಪಾಗಿ ತುಂಬಿರಬಹುದು ಅಲ್ವಾ?

ಬದಲಾಯಿಸುವಾಗ ಪಕ್ಕದಲ್ಲಿರುವ ತುಂಬುವ ಬೋಲ್ಟನ್ನು ಮೊದಲು ಬಿಚ್ಚಿ, ಕೆಳಗಿನದನ್ನು ಆಮೇಲೆ. ತುಕ್ಕು ಹಿಡಿದ ಮೇಲಿನ ಬೋಲ್ಟು ಜಪ್ಪಯ್ಯ ಅಂದರೂ ಬರದಿದ್ದರೆ, ಕನಿಷ್ಠ ಒಳಗಿನ ಎಣ್ಣೆ ಒಳಗೇ ಇರುತ್ತದೆ, ಗಾಡಿ ಓಡಿಸಿಕೊಂಡು ಗ್ಯಾರೇಜಿಗಾದರೂ ಹೋಗಬಹುದು.