ಹೆವಿವೇಟ್‌ಗೆ ಏರುವಾಗ ನಾನು ತೂಕ ಕಟ್ಟಿಕೊಂಡ ಬಗೆ

ನಾನು ಬಾಕ್ಸಿಂಗ್‌ನಲ್ಲಿ ಬಹಳ ವರ್ಷ 80 ಕೆಜಿ ವಿಭಾಗದಲ್ಲಿ ಆಡಿದವನು. ಮೈಯ ಸಹಜ ತೂಕ ಮಾತ್ರ 85ರ ಆಸುಪಾಸು. ಅಂದರೆ ಪ್ರತಿ ಟೂರ್ನಿಗೂ ಮೊದಲು ಐದು ಕೆಜಿ ಇಳಿಸಬೇಕು. ಉಪ್ಪು ಬಿಡು, ನೀರು ಕಡಿಮೆ ಮಾಡು, ಜಾಕೆಟ್ ಹಾಕಿಕೊಂಡು ಓಡು. ವಯಸ್ಸು ಏರಿದ ಹಾಗೆ ಆ ಕೊನೆಯ ಎರಡು ಕೆಜಿ ಇಳಿಯಲು ಹಟ ಹಿಡಿಯುತ್ತದೆ. ಎರಡನೇ ರೌಂಡ್‌ಗೇ ಬಾಯಿ ಒಣಗಿ ಕೈ ಭಾರ ಆಗುತ್ತಿತ್ತು. ಮೇಲಿನ ವಿಭಾಗಕ್ಕೆ ಹೋಗೋಣ ಅಂದರೆ ಅಲ್ಲಿ ಇನ್ನೊಂದು ಕಷ್ಟ. 2024ರ ಪ್ಯಾರಿಸ್ ಒಲಿಂಪಿಕ್ಸ್ ಪಟ್ಟಿಯಲ್ಲಿ ಪುರುಷರಿಗೆ 80 ಆದ ಮೇಲೆ ಸೀದಾ 92, ಆಮೇಲೆ 92ಕ್ಕಿಂತ ಮೇಲೆ. ನನ್ನಂಥ 85ರವನು ಹೆವಿವೇಟ್‌ಗೆ ಇಳಿದರೆ ಎದುರಿಗೆ ಪೂರ್ತಿ 92 ಇರುವವನು ನಿಂತಿರುತ್ತಿದ್ದ.

ಹಾಗಂತ ನಾನೂ 92 ಆಗಬೇಕು ಅಂತಿರಲಿಲ್ಲ. ಇದನ್ನು ಹುಡುಗರಿಗೆ ಎಷ್ಟು ಸಲ ಹೇಳಿದರೂ ಸಾಲದು. ಆಗ 92 ಅನ್ನೋದು ದಾಟಬಾರದ ಗೆರೆ ಅಷ್ಟೇ ಆಗಿತ್ತು, ಮುಟ್ಟಲೇಬೇಕಾದ ಗುರಿ ಆಗಿರಲಿಲ್ಲ. ಉಕ್ರೇನಿನ ವೃತ್ತಿಪರ ಬಾಕ್ಸರ್ ಉಸಿಕ್ ಅವರನ್ನೇ ನೋಡಿ. 2018ರಲ್ಲಿ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್‌ನ ಎಲ್ಲ ಬೆಲ್ಟ್ ಗೆದ್ದರು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಆ ವಿಭಾಗದ ಮಿತಿ 200 ಪೌಂಡ್, ಸುಮಾರು 90.7 ಕೆಜಿ. 2021ರ ಸೆಪ್ಟೆಂಬರ್‌ನಲ್ಲಿ ಹೆವಿವೇಟ್ ಚಾಂಪಿಯನ್ ಜೋಶುವಾ ಅವರನ್ನು ಸೋಲಿಸಿದಾಗ ಉಸಿಕ್ ಸುಮಾರು 100 ಕೆಜಿ, ಜೋಶುವಾ ಸುಮಾರು 109. ಒಂಬತ್ತು ಕೆಜಿ ಕಡಿಮೆ ಇದ್ದೂ ಗೆದ್ದರು. ಏರಿಸಿದ ತೂಕದಲ್ಲೂ ಅವರ ಕಾಲು ಹಿಂದಿನ ಹಾಗೇ ಓಡುತ್ತಿತ್ತು. ನಾನು 88-89 ಸಾಕು ಅಂತ ತೀರ್ಮಾನ ಮಾಡಿಕೊಂಡಿದ್ದು ಇದನ್ನೆಲ್ಲ ನೋಡಿಯೇ.

ತಿಂಗಳಿಗೆ ಹೆಚ್ಚೆಂದರೆ ಒಂದು ಕೆಜಿ. ಅದಕ್ಕಿಂತ ಬೇಗ ಏರಿದರೆ ಬಹುಪಾಲು ಹೊಟ್ಟೆಗೇ ಸೇರುತ್ತದೆ. ಮೈಗೆ ಬೇಕಾದ್ದಕ್ಕಿಂತ ದಿನಕ್ಕೆ 300-400 ಕ್ಯಾಲೊರಿ ಜಾಸ್ತಿ ತಿಂದರೆ ಸಾಕು. ಎರಡು ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ), ಒಂದು ಲೋಟ ಹಾಲು ಅಂದರೆ ಅಷ್ಟಾಯಿತು. ಪ್ರೋಟೀನ್ ಮಾತ್ರ ಲೆಕ್ಕ ಇಟ್ಟು ತಿನ್ನಬೇಕು. ಒಂದು ಕೆಜಿ ಮೈತೂಕಕ್ಕೆ 1.6ರಿಂದ 2 ಗ್ರಾಂ ಅಂತ ಹಿಡಿದರೆ ನನಗೆ ದಿನಕ್ಕೆ 140-170 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ. ಹಾಗಾಗಿ ಮೊಟ್ಟೆ ಒಂದನ್ನೇ ನಂಬಿ ಕೂತರೆ ಆಗಲ್ಲ. ಕೋಳಿ, ಮೀನು, ಮೊಸರು, ಕಡಲೆಕಾಳು ಎಲ್ಲವೂ ಬೇಕು. ಪಂದಿ ಕರಿ ಬಿಡಬೇಕಾಗಲಿಲ್ಲ. ಕೊಬ್ಬಿನ ತುಂಡು ಬದಿಗಿಟ್ಟು ಮಾಂಸದ ತುಂಡು ತಿನ್ನುತ್ತಿದ್ದೆ, ಜೊತೆಗೆ ಕಡಂಬುಟ್ಟು, ಅಂದರೆ ಅಕ್ಕಿ ಉಂಡೆ. ಸಂಜೆ ಪ್ರಾಕ್ಟೀಸ್‌ಗೆ ಒಂದು ಗಂಟೆ ಮುಂಚೆ ನೇಂದ್ರ ಬಾಳೆ. ಅಷ್ಟು ವರ್ಷ ನಾನು ತಟ್ಟೆ ದೂಡುವುದನ್ನೇ ನೋಡಿದ್ದ ಅವ್ವನಿಗೆ ಈಗ ಬಹಳ ಸಂತೋಷ. "ಇನ್ನೊಂದು ಹಾಕ್ಲಾ?" ಅಂತ ಕೇಳುತ್ತಲೇ ಹಾಕಿಬಿಡುತ್ತಿದ್ದರು. "ಬೇಡ ಅವ್ವ, ರಾತ್ರಿ ಹಾಲು ಕೊಡಿ" ಅನ್ನುತ್ತಿದ್ದೆ. ಪೌಡರ್ ಡಬ್ಬಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಡಬ್ಬದ ಮೇಲೆ ಬರೆಯದ ವಸ್ತು ಒಳಗಿದ್ದು ನಾಡಾ (ಡೋಪಿಂಗ್ ತಡೆ ಸಂಸ್ಥೆ) ಪರೀಕ್ಷೆಯಲ್ಲಿ ಸಿಕ್ಕರೆ, ಗೊತ್ತಿರಲಿಲ್ಲ ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮನೆಯಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿ ಇದೆ, ಅದು ಈ ಕೆಲಸಕ್ಕೆ ಬರಲ್ಲ. ನೂರು ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತಕ್ಕಡಿ ತಂದೆ. ಬೆಳಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ನಿಲ್ಲಬೇಕು. ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ, ವಾರದ ಸರಾಸರಿ ನೋಡಿ. ಜೊತೆಗೆ ಹೊಕ್ಕುಳ ಮಟ್ಟಕ್ಕೆ ಟೇಪ್ ಹಿಡಿಯಿರಿ. ತೂಕ ಏರಿ ಸೊಂಟ ಅಲ್ಲೇ ನಿಂತಿದ್ದರೆ ದಾರಿ ಸರಿಯಿದೆ. ಸೊಂಟವೂ ಜೊತೆಗೆ ಏರುತ್ತಿದ್ದರೆ ಅನ್ನ ಒಂದು ಸೌಟು ಕಡಿಮೆ ಮಾಡಿ.

ಆದರೆ ನಾನು ಹೆಚ್ಚು ನಂಬಿದ್ದು ಸ್ಕಿಪ್ಪಿಂಗ್ ಹಗ್ಗವನ್ನು. ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಮೂರು ನಿಮಿಷ ಹಾರುವುದು. ಫೋನನ್ನು ನೆಲದ ಮಟ್ಟಕ್ಕೆ ಇಟ್ಟು ಪಾದ ಮಾತ್ರ ವಿಡಿಯೋ ಮಾಡುವುದು. ಮೈ ಕಾಲಿನ ಹತೋಟಿಯಲ್ಲಿದ್ದರೆ ಪಾದದ ಮುಂಭಾಗ ಮಾತ್ರ ನೆಲ ಮುಟ್ಟುತ್ತದೆ, ಟಿಕ್ ಟಿಕ್ ಅಂತ ಸಣ್ಣ ಸದ್ದು. ಹೊಸ ತೂಕ ಇನ್ನೂ ಒಗ್ಗದಿದ್ದರೆ ಎರಡನೇ ನಿಮಿಷಕ್ಕೆ ಹಿಮ್ಮಡಿ ಬೀಳಲು ಶುರು, ಧಪ್ ಧಪ್ ಅನ್ನುತ್ತದೆ. ಆ ಸದ್ದು ಕೇಳಿದರೆ ತೂಕ ಏರಿಸುವುದನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಪಾದ ಮತ್ತೆ ಹಗುರ ಆಗುವ ತನಕ ಅದೇ ತೂಕದಲ್ಲಿ ಇರುವುದು, ಆಮೇಲೆ ಮುಂದಿನ ಕೆಜಿ.

ಓಟವನ್ನೂ ಬದಲಾಯಿಸಿದೆ. ನಮ್ಮ ರಸ್ತೆಗಳೆಲ್ಲ ಏರು ಇಳಿಜಾರು. ಭಾರ ಮೈ ಹೊತ್ತು ಇಳಿಜಾರಲ್ಲಿ ಓಡಿದರೆ ಮಂಡಿ ಹೋಗುತ್ತದೆ. ಏರಿಗೆ ಜೋರಾಗಿ ಓಡುವುದು, ಕೆಳಗೆ ನಡೆದು ಬರುವುದು, ಅಷ್ಟೇ. ವಾರಕ್ಕೆ ಎರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಪುಲ್‌ಅಪ್, ಕತ್ತಿನ ವ್ಯಾಯಾಮ. ಹೆವಿವೇಟ್ ಏಟು ತಾಳಿಕೊಳ್ಳಲು ಕತ್ತು ಗಟ್ಟಿ ಇರಲೇಬೇಕು.

ಕೊಡಗಿನಲ್ಲಿ ನಿಜವಾಗಿ ಕಷ್ಟ ಆಗುವುದು ಸ್ಪಾರಿಂಗ್‌ಗೆ, ಅಂದರೆ ಜೊತೆಗಾರನ ಎದುರು ಅಭ್ಯಾಸಕ್ಕೆ ಆಡುವುದಕ್ಕೆ. ಇಲ್ಲಿಂದ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದ ಸಿ.ಸಿ. ಮಾಚಯ್ಯನವರು ಲೈಟ್ ವೆಲ್ಟರ್‌ವೇಟ್, ಹಗುರ ವಿಭಾಗದವರು. ನನ್ನ ಜೊತೆ ಪ್ರಾಕ್ಟೀಸ್‌ಗೆ ಬರುವ ಹುಡುಗರೂ ಹೆಚ್ಚಿನವರು ಅದೇ 60-70 ಕೆಜಿಯವರು. 90 ದಾಟಿದವರು ಬೇಕು ಅಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಇಲ್ಲವೇ ಫೌಜಿನಲ್ಲಿರುವ ಬಾಕ್ಸರ್ ಅಣ್ಣ ರಜೆಗೆ ಬರುವುದನ್ನು ಕಾಯಬೇಕು. ಅವರಿಂದಲೇ ಗೊತ್ತಾಗಿದ್ದು, ಹೆವಿವೇಟ್‌ನಲ್ಲಿ ಸುಸ್ತು ಮಾಡುವುದು ಏಟಿಗಿಂತ ಜಾಸ್ತಿ ಎದುರಾಳಿಯ ಭಾರ. ಹತ್ತಿರ ಬಂದಾಗ ಮೈಮೇಲೆ ಒರಗುತ್ತಾರೆ. "ತೋಳಿನಲ್ಲಿ ತಳ್ಳಬೇಡ, ಬೇಗ ಸೋಲ್ತೀಯ. ಹಣೆ ನನ್ನ ಭುಜಕ್ಕೆ ಕೊಡು, ಮಂಡಿ ಬಗ್ಗಿಸು, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿ" ಅಂದರು. ಸರಿದ ಕೂಡಲೇ ಅವರ ಭಾರ ಮುಂದಕ್ಕೆ ಹೋಯಿತು, ಪಕ್ಕೆ ನನಗೆ ತೆರೆದು ಸಿಕ್ಕಿತು. ಆಮೇಲಿಂದ ಮರಳು ತುಂಬಿದ ಕಾಫಿ ಗೋಣಿಯನ್ನು ಎದೆಗೆ ಅಪ್ಪಿಕೊಂಡು ಏರು ಹತ್ತುವುದು ನನ್ನ ಅಭ್ಯಾಸದಲ್ಲಿ ಸೇರಿತು.

ಬೌಟ್ (ಪಂದ್ಯ) ದಿನದ ಬೆಳಗ್ಗೆಯೇ ದೊಡ್ಡ ಬದಲಾವಣೆ. ಟೂರ್ನಿಯಲ್ಲಿ ಆಡುವ ದಿನ ಮತ್ತೆ ತೂಕ ನೋಡುತ್ತಾರೆ. 89 ಇದ್ದ ನನಗೆ ಆಗಿನ 92ರ ಭಯ ಇರಲಿಲ್ಲ. ನೀರು ಕುಡಿದೇ ತಕ್ಕಡಿ ಹತ್ತುತ್ತಿದ್ದೆ, ಇಳಿದು ಹೊಟ್ಟೆಗೆ ಒಗ್ಗುವಷ್ಟು ಇಡ್ಲಿ ತಿನ್ನುತ್ತಿದ್ದೆ. ಮೂರನೇ ರೌಂಡ್‌ನಲ್ಲೂ ಬಾಯಿ ಒಣಗುತ್ತಿರಲಿಲ್ಲ.

ಒಮ್ಮೆ ಏರಿದ ಮೇಲೆ ಮತ್ತೆ ಕೆಳಗಿಳಿಯುವ ಆಸೆ ಬೇಡ. ಅಮೆರಿಕದ ವೃತ್ತಿಪರ ಬಾಕ್ಸರ್ ರಾಯ್ ಜೋನ್ಸ್ 2003ರ ಮಾರ್ಚ್‌ನಲ್ಲಿ 193 ಪೌಂಡ್ ತೂಗಿ ಹೆವಿವೇಟ್ ಬೆಲ್ಟ್ ಗೆದ್ದರು. ಅದೇ ನವೆಂಬರ್‌ನಲ್ಲಿ 175ಕ್ಕೆ ಇಳಿದು ಟಾರ್ವರ್ ಎದುರು ಕಷ್ಟಪಟ್ಟು ಗೆದ್ದರು. 2004ರ ಮೇನಲ್ಲಿ ಅವರೆದುರೇ ಎರಡನೇ ರೌಂಡ್‌ನಲ್ಲಿ ನಾಕೌಟ್ ಆದರು. ಕಟ್ಟಿದ ಸ್ನಾಯುವನ್ನು ಕರಗಿಸುವುದು ನೀರು ಇಳಿಸಿದಷ್ಟು ಸುಲಭ ಅಲ್ಲ.

ಈಗ ಹುಡುಗರಿಗೆ ಸ್ವಲ್ಪ ಅನುಕೂಲ ಆಗಿದೆ. ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಬಾಕ್ಸಿಂಗ್ 2025ರಿಂದ ತಂದ ಪಟ್ಟಿಯಲ್ಲಿ ಪುರುಷರಿಗೆ 80, 85, 90, ಆಮೇಲೆ 90ಕ್ಕಿಂತ ಮೇಲೆ. 83 ಇರುವವನು 85ರಲ್ಲಿ ನೆಮ್ಮದಿಯಾಗಿ ಆಡಬಹುದು. 90ಕ್ಕೆ ಏರುವ ಯೋಚನೆ ಇದ್ದರೆ ಟೂರ್ನಿಗಳಿಲ್ಲದ ತಿಂಗಳು ನೋಡಿ ಶುರು ಮಾಡಿ, ಅದಕ್ಕೂ ಮುಂಚೆ ಡಾಕ್ಟರ್ ಹತ್ತಿರ ಒಮ್ಮೆ ಬಿಪಿ ನೋಡಿಸಿಕೊಳ್ಳಿ.