ಗೇರುಬೀಜ ಹಿಡಿದು ಮಂತ್ರಿಗಳ ಬಾಗಿಲಿಗೆ: ಪಶ್ಚಿಮ ಆಫ್ರಿಕಾದಲ್ಲಿ ನನ್ನ ಅನುಭವ

ಮಂಗಳೂರು, ಪುತ್ತೂರು, ಕಾರ್ಕಳ, ಕುಂದಾಪುರ ಕಡೆಯ ಗೇರು ಕಾರ್ಖಾನೆಗಳು ವರ್ಷವಿಡೀ ಓಡುವುದು ಆಫ್ರಿಕಾದ ಬೀಜದಿಂದ. ಊರಿನ ಫಸಲು ಬೇಸಿಗೆಯಲ್ಲಿ ಬಂದು ಮುಗಿಯುತ್ತದೆ, ಇಡೀ ವರ್ಷಕ್ಕೆ ಅದು ಎಲ್ಲಿಯೂ ಸಾಲುವುದಿಲ್ಲ. ಉಳಿದದ್ದು ಐವರಿ ಕೋಸ್ಟ್, ಘಾನಾ, ಬೆನಿನ್, ಗಿನಿ ಬಿಸ್ಸಾವ್, ತಾಂಜಾನಿಯಾಗಳಿಂದ ಗೋಣಿಚೀಲ ತುಂಬಿ ಕಂಟೈನರಿನಲ್ಲಿ ಬರಬೇಕು. ಪಶ್ಚಿಮ ಆಫ್ರಿಕಾದ್ದು ಫೆಬ್ರವರಿಯಿಂದ ಜೂನ್‌ವರೆಗೆ, ತಾಂಜಾನಿಯಾ, ಮೊಜಾಂಬಿಕ್‌ನದ್ದು ಅಕ್ಟೋಬರ್ ನಂತರ. ಹೀಗೆ ಒಂದು ಮುಗಿಯುವಾಗ ಇನ್ನೊಂದು ಸಿಗುತ್ತದೆ.

ನಾನು ಇಂಥದ್ದೇ ಒಂದು ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡುತ್ತಿದ್ದವನು. ಆಮೇಲೆ ಸೇರಿದ್ದು ಇದರ ಉಲ್ಟಾ ಕೆಲಸಕ್ಕೆ: ಬೀಜ ಬೆಳೆಯುವ ದೇಶದಲ್ಲೇ ಅದನ್ನು ಒಡೆದು, ಸುಲಿದು, ತಿರುಳನ್ನು ರಫ್ತು ಮಾಡುವ ಕಾರ್ಖಾನೆಗಳಿಗೆ ಹೊರದೇಶದ ಖರೀದಿದಾರರನ್ನು, ಬ್ಯಾಂಕುಗಳನ್ನು, ಸರ್ಕಾರಗಳನ್ನು ಒಟ್ಟು ಮಾಡಿಕೊಡುವ ಯೋಜನೆ ಅದು. ಸುದ್ದಿ ಗೊತ್ತಾದಾಗ ನನ್ನ ಹಳೇ ಧಣಿಗಳು ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಎಂತ ಮಾರಾಯ, ನಮ್ಮ ಅನ್ನಕ್ಕೇ ಕಲ್ಲು ಹಾಕ್ಲಿಕ್ಕೆ ಹೊರಟದ್ದಾ ನೀನು?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಪ್ರಪಂಚದ ಕಚ್ಚಾ ಗೇರುಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದ್ದು. ಅದರ ಬಹುಪಾಲು ಹಾಗೆಹಾಗೇ ಭಾರತಕ್ಕೂ ವಿಯೆಟ್ನಾಮಿಗೂ ಬರುತ್ತದೆ. ಒಡೆಯುವ, ಸುಲಿಯುವ, ಗ್ರೇಡು ಮಾಡುವ ಕೂಲಿ, ಲಾಭ ಎಲ್ಲವೂ ಇಲ್ಲಿ. ಅಲ್ಲಿ ಉಳಿಯುವುದು ರೈತನ ಕೈಗೆ ಸಿಕ್ಕ ಧಾರಣೆ ಮಾತ್ರ.

ಈ ಕೆಲಸಕ್ಕೆ ಇಳಿದವರೆಲ್ಲ ಮೊದಲು ಕೇಳುವ ಕಥೆ ಮೊಜಾಂಬಿಕ್‌ನದ್ದು. 1990ರ ದಶಕದ ನಡುವಿನಲ್ಲಿ ವಿಶ್ವಬ್ಯಾಂಕ್ ಸಾಲದ ಷರತ್ತಾಗಿ ಕಚ್ಚಾ ಬೀಜದ ರಫ್ತು ತೆರಿಗೆ ಇಳಿಸಿ ಎಂದಿತು. ತೆರಿಗೆ ಇಳಿಯಿತು, ಬೀಜ ಭಾರತಕ್ಕೆ ಹರಿಯಿತು, ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ದಶಕದ ಕೊನೆಗೆ ಅಲ್ಲಿನ ಸಂಸತ್ತು ಮತ್ತೆ ತೆರಿಗೆ ಏರಿಸಿತು. ಅಷ್ಟರಲ್ಲಿ ಯಂತ್ರಗಳಿಗೆ ತುಕ್ಕು ಹಿಡಿದಿತ್ತು. ಇದರಿಂದ ಒಬ್ಬೊಬ್ಬರು ಒಂದೊಂದು ಪಾಠ ಕಲಿತರು. ವಾಷಿಂಗ್ಟನ್ನಿನ ವಿಶ್ವಬ್ಯಾಂಕಿನವರು ಆ ಕಾರ್ಖಾನೆಗಳು ಮೊದಲೇ ಸೋತಿದ್ದವು ಅನ್ನುತ್ತಿದ್ದರು, ಆಫ್ರಿಕಾದ ಅಧಿಕಾರಿಗಳು ಹೊರಗಿನವರ ಸಲಹೆಯನ್ನೇ ನಂಬಬಾರದು ಅನ್ನುತ್ತಿದ್ದರು. ಈ ಎರಡನೆಯ ಗುಂಪಿನ ಎದುರು ಕೂತು ಮಾತಾಡಬೇಕಾದ ಹೊರಗಿನವನು ನಾನು, ಅದೂ ಆ ಬೀಜವೆಲ್ಲ ಬಂದು ಸೇರಿದ ದೇಶದವನು!

ಐವರಿ ಕೋಸ್ಟ್‌ನ ದೊಡ್ಡ ನಗರ ಅಬಿಜಾನ್‌ನಲ್ಲಿ ಹಣಕಾಸಿನ ಅಧಿಕಾರಿಗಳಿಗೆ ಟನ್ನಿನ ಲೆಕ್ಕ ಬಾಯಿಪಾಠವಾಗಿತ್ತು. ಚೀಲದ ಒಳಗಿನ ಲೆಕ್ಕ ಅವರ ಫೈಲುಗಳಲ್ಲಿ ಇರಲಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಬದಿಗಿಟ್ಟು, ಬೀಜ ಸೀಳುವ ಕತ್ತರಿ, ಸಣ್ಣ ತಕ್ಕಡಿ, ಒಂದು ಕಿಲೋ ಬೀಜ ಕಟ್ಟಿಕೊಂಡು ಹೋದೆ. ಮೇಜಿನ ಮೇಲೆ ಹಳೇ ಪೇಪರು ಹಾಸಿ ಶುರು ಮಾಡಿದೆವು. ಮೊದಲು ಒಂದು ಕಿಲೋಗೆ ಎಷ್ಟು ಬೀಜ ಎಂದು ಎಣಿಸುವುದು. ಆಮೇಲೆ ಒಂದೊಂದನ್ನೇ ಸೀಳಿ ಒಳ್ಳೆಯದು, ಚುಕ್ಕೆ ಬಿದ್ದದ್ದು, ಬಲಿಯದ್ದು, ಜೊಳ್ಳು ಎಂದು ಬೇರೆಬೇರೆ ರಾಶಿ ಹಾಕುವುದು. ಒಳ್ಳೆ ತಿರುಳಿನ ತೂಕ ಪೂರ್ತಿ ಲೆಕ್ಕಕ್ಕೆ, ಚುಕ್ಕೆ ಬಿದ್ದದ್ದು ಅರ್ಧಕ್ಕೆ. ಅದನ್ನು 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ಎಂದು ತಿರುಗಿಸಿದರೆ ಸಿಗುವುದೇ ಔಟ್‌ಟರ್ನ್. 48 ಬಂದರೆ ಒಳ್ಳೆ ಮಾಲು, 44ಕ್ಕೆ ಇಳಿದರೆ ವ್ಯಾಪಾರಿಗಳ ಜಗಳ ಶುರು.

48 ಪೌಂಡ್ ಅಂದರೆ ಸುಮಾರು 22 ಕಿಲೋ. ಉಳಿದ 58 ಕಿಲೋ ಹೆಚ್ಚಾಗಿ ಚಿಪ್ಪು. ಆ ಚಿಪ್ಪಿಗೂ ಹಡಗಿನ ಬಾಡಿಗೆ ಕೊಟ್ಟು ಏಷ್ಯಾಕ್ಕೆ ಒಯ್ಯುತ್ತಾರೆ. ಅಲ್ಲಿ ತಿರುಳು ಬೇರೆ ಮಾಡಿ, ಅದೇ ತಿರುಳನ್ನು ಮತ್ತೆ ಹಡಗಿಗೆ ಹಾಕಿ ಯುರೋಪಿಗೆ ಕಳಿಸುತ್ತಾರೆ. ಇದನ್ನು ನಾನು ಹೇಳಬೇಕಾಗಲೇ ಇಲ್ಲ, ಎದುರಿಗಿದ್ದ ಅಧಿಕಾರಿಯೇ ಎರಡು ರಾಶಿ ನೋಡಿ ಹೇಳಿದರು. ಕತ್ತರಿ ಅವರೂ ಹಿಡಿದಿದ್ದರು. ಚಿಪ್ಪಿನ ಎಣ್ಣೆ ಬೆರಳಿಗೆ ತಾಗಿ ಉರಿಯಿತು, ಬಿಳಿ ಅಂಗಿಯ ತೋಳಿಗೆ ಕಂದು ಕಲೆ ಬಿತ್ತು. ನಮ್ಮಲ್ಲಿ ಹೆಂಗಸರು ಕೈಗೆ ಹರಳೆಣ್ಣೆಯೋ ಬೂದಿಯೋ ಹಚ್ಚಿಕೊಂಡು ದಿನವಿಡೀ ಇದನ್ನೇ ಮಾಡುತ್ತಾರೆ ಎಂದೆ. ಅವರು ಮುಂದೆ ಕೇಳಿದ ಪ್ರಶ್ನೆ ತೆರಿಗೆಯದ್ದಲ್ಲ, ಕೂಲಿಯದ್ದು.

2015-16ರ ಹೊತ್ತಿಗೆ ಐವರಿ ಕೋಸ್ಟ್ ಸರ್ಕಾರ ಅಲ್ಲೇ ಸಂಸ್ಕರಿಸಿದ ಪ್ರತಿ ಕಿಲೋ ತಿರುಳಿಗೆ 400 ಸಿಎಫ್‌ಎ ಫ್ರಾಂಕ್ (ಅಲ್ಲಿನ ಹಣ) ಸಹಾಯಧನ ಘೋಷಿಸಿತು. ಅದು ನನ್ನ ಕತ್ತರಿಯ ಮಹಿಮೆ ಎಂದು ಹೇಳಿಕೊಳ್ಳುವಷ್ಟು ದಡ್ಡ ನಾನಲ್ಲ. ಎಷ್ಟೋ ಜನ ಎಷ್ಟೋ ಕಡೆಯಿಂದ ತಳ್ಳಿದ್ದರು, ಅಲ್ಲಿನ ಹತ್ತಿ ಮತ್ತು ಗೇರು ಮಂಡಳಿಯ ಪಾತ್ರವೇ ದೊಡ್ಡದು.

ರಾಜಕೀಯದವರನ್ನು ಒಪ್ಪಿಸಿದ ಮೇಲೂ ಕಾರ್ಖಾನೆ ಓಡುವುದಿಲ್ಲ. ನಿಜವಾದ ತೊಡಕು ಇರುವುದು ದುಡಿಯುವ ಬಂಡವಾಳದಲ್ಲಿ, ಅಂದರೆ ದಿನದ ವ್ಯವಹಾರಕ್ಕೆ ಬೇಕಾದ ದುಡ್ಡಿನಲ್ಲಿ. ಬೀಜ ಸಿಗುವುದು ಮೂರು ನಾಲ್ಕು ತಿಂಗಳು, ವರ್ಷಕ್ಕೆ ಬೇಕಾದಷ್ಟನ್ನೂ ಆಗಲೇ ನಗದು ಕೊಟ್ಟು ಕೊಳ್ಳಬೇಕು. ಘಾನಾದ ಕೇಂದ್ರ ಬ್ಯಾಂಕಿನ ನೀತಿ ದರವೇ (ಉಳಿದ ಬ್ಯಾಂಕುಗಳ ಬಡ್ಡಿಗೆ ಆಧಾರವಾಗುವ ದರ) 2015ರ ಕೊನೆಗೆ ಶೇ. 26 ಇತ್ತು. ಕಾರ್ಖಾನೆಗೆ ಸಿಗುವ ಸಾಲದ ಬಡ್ಡಿ ಅದಕ್ಕೂ ಮೇಲೆ. ಅಂಥ ಬಡ್ಡಿ ಕಟ್ಟಿ ಮಂಗಳೂರು, ವಿಯೆಟ್ನಾಮಿನ ಖರೀದಿದಾರರ ಎದುರು ರೈತನ ಮನೆ ಬಾಗಿಲಲ್ಲಿ ಪೈಪೋಟಿ ಮಾಡುವುದು ಹೇಗೆ?

ಇಲ್ಲಿ ಯುರೋಪಿನ ಖರೀದಿದಾರರು ಬೇಕಾದರು. ಅವರ ಹತ್ತಿರ ಬಡತನದ ಚಿತ್ರ ಇಟ್ಟುಕೊಂಡು ಹೋದವರನ್ನು ನೋಡಿದ್ದೇನೆ. ಕಾಫಿ ಕುಡಿಸಿ, ವಾರ್ಷಿಕ ವರದಿಗೆ ಒಂದು ಫೋಟೋ ತೆಗೆಸಿ ಕಳಿಸುತ್ತಾರೆ. ನಾವು ಅವರ ಭಯ ಹಿಡಿದುಕೊಂಡು ಹೋದೆವು. ತಿರುಳಿಗೆ ಎರಡೇ ದೇಶ ನೆಚ್ಚಿಕೊಂಡಿದ್ದೀರಿ, ಒಂದರಲ್ಲಿ ಏನಾದರೂ ಆದರೆ ನಿಮ್ಮ ಹುರಿಯುವ ಯಂತ್ರ ನಿಲ್ಲುತ್ತದೆ, ಮೂರನೆಯ ಬಾಗಿಲು ಇಲ್ಲಿದೆ ಎಂದೆವು. ಅವರು ಕೇಳಿದ್ದು ದಾನಪತ್ರವಲ್ಲ: ಆಹಾರ ಸುರಕ್ಷತೆಯ ಪ್ರಮಾಣಪತ್ರ, ಕೂದಲು, ಲೋಹದ ಚೂರು ಇಲ್ಲದ ಮಾಲು, ಪ್ರತಿ ಪೆಟ್ಟಿಗೆಯ ಮೂಲ ಎಲ್ಲಿಯದು ಎನ್ನುವ ದಾಖಲೆ. ಅದಷ್ಟನ್ನೂ ಒದಗಿಸಿದ ಕಾರ್ಖಾನೆಗೆ ಮುಂಗಡ ಒಪ್ಪಂದ ಸಿಕ್ಕಿತು. ಆ ಒಪ್ಪಂದದ ಕಾಗದ ನೋಡಿದ ಮೇಲೆ ಬ್ಯಾಂಕ್ ಮಾತು ಬದಲಿಸಿತು.

ಬ್ಯಾಂಕಿನ ಷರತ್ತೂ ಹೇಳಿಬಿಡುತ್ತೇನೆ. ಕೊಂಡ ಬೀಜವೇ ಅಡಮಾನ. ಗೋದಾಮಿಗೆ ಎರಡು ಬೀಗ, ಒಂದರ ಕೈ ಕಾರ್ಖಾನೆಯವರದ್ದು, ಇನ್ನೊಂದರದ್ದು ಬ್ಯಾಂಕು ನೇಮಿಸಿದ ಕಾವಲು ಏಜೆನ್ಸಿಯದ್ದು. ತಿರುಳು ಮಾರಿ ದುಡ್ಡು ಕಟ್ಟಿದಷ್ಟಕ್ಕೆ ಮಾತ್ರ ಚೀಲ ಹೊರಗೆ. ಏಜೆನ್ಸಿಯವನು ಒಂದು ದಿನ ತಡವಾಗಿ ಬಂದರೆ ನೂರಾರು ಹೆಂಗಸರು ಅಂಗಳದಲ್ಲಿ ಕೂತು ಕಾಯಬೇಕು. 2015ರ ಭಾರತ-ಆಫ್ರಿಕಾ ಶೃಂಗಸಭೆಯಲ್ಲಿ ದಿಲ್ಲಿ 1,000 ಕೋಟಿ ಡಾಲರ್ ರಿಯಾಯಿತಿ ಸಾಲ ಘೋಷಿಸಿದಾಗ ನನ್ನ ಜೊತೆ ಟಿವಿ ನೋಡುತ್ತಿದ್ದ ಕಾರ್ಖಾನೆ ಮ್ಯಾನೇಜರ್ ಕೇಳಿದ್ದು, ಇದರಲ್ಲಿ ಆ ಎರಡನೇ ಬೀಗದ ಕೈ ಬೇಗ ತರಿಸುವ ಬಾಬ್ತು ಏನಾದರೂ ಇದೆಯಾ ಎಂದು. ಇರಲಿಲ್ಲ. ಆ ದುಡ್ಡು ಹೋಗುವುದು ಮುಖ್ಯವಾಗಿ ಸರ್ಕಾರಗಳ ವಿದ್ಯುತ್, ನೀರು, ರೈಲಿನಂಥ ಕಾಮಗಾರಿಗಳಿಗೆ. ಅದೂ ಬೇಕು, ಆದರೆ ಅದು ಬೇರೆಯೇ ಕೆಲಸ.

ಹಾಗಂತ ಶೃಂಗಸಭೆಗಳು ದಂಡ ಅನ್ನಲಾರೆ. 2008ರ ಮೊದಲ ಭಾರತ-ಆಫ್ರಿಕಾ ಶೃಂಗಸಭೆಯಲ್ಲಿ ಮನಮೋಹನ್ ಸಿಂಗ್ ಅತಿ ಹಿಂದುಳಿದ ದೇಶಗಳಿಗೆ ಸುಂಕ ವಿನಾಯಿತಿ ಘೋಷಿಸಿದಾಗ ಹೆಸರು ಹಿಡಿದು ಹೇಳಿದ ಸರಕುಗಳಲ್ಲಿ ಗೇರುಬೀಜವೂ ಇತ್ತು. ಆದರೆ 2019ರಲ್ಲಿ ಭಾರತವೇ ಆಮದಾಗುವ ಒಡೆಯದ ಇಡಿ ತಿರುಳಿಗೆ ಕಿಲೋಗೆ 720 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು, ಅದಕ್ಕಿಂತ ಅಗ್ಗದ್ದು ಒಳಗೆ ಬರುವಂತಿಲ್ಲ. ಕಚ್ಚಾ ಬೀಜ ಬರಲಿ, ತಿರುಳು ಬೇಡ ಎನ್ನುವ ನೀತಿ ಇದು. ಆಫ್ರಿಕಾದ ಸಭೆಗಳಲ್ಲಿ ಇದನ್ನು ಎತ್ತಿ ನನ್ನ ಮುಖ ನೋಡುತ್ತಿದ್ದರು.

ಆದರೆ ಮಂಗಳೂರಿಗೆ ಬಂದಾಗ ನನಗೆ ನೆರವಾದದ್ದೂ ಅದೇ ಕನಿಷ್ಠ ಬೆಲೆಯ ಗೋಡೆ. ಧಣಿಗಳ ಎದುರು ಕೂತು ಹೇಳಿದೆ: ನಿಮ್ಮ ಮಾರುಕಟ್ಟೆ ಈಗ ಹೆಚ್ಚಾಗಿ ಊರೊಳಗಿನದ್ದೇ, ಅಷ್ಟು ಗೋಡಂಬಿ ತಿನ್ನುವ ದೇಶ ಬೇರೊಂದಿಲ್ಲ. ಅಲ್ಲಿ ಸುಲಿದ ತಿರುಳು ಯುರೋಪ್, ಅಮೆರಿಕಕ್ಕೆ ಹೋಗುತ್ತದೆ, ನಿಮ್ಮ ಅಂಗಡಿಗಲ್ಲ. ಕಚ್ಚಾ ಬೀಜ ತುಟ್ಟಿಯಾಗುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೇಯಿಸುವ ಪಾತ್ರೆಯಿಂದ ತಿರುಳು ಒಣಗಿಸುವ ಬೋರ್ಮಾದವರೆಗೆ ಕೈಗೆ ಹತ್ತಿದ ವಿದ್ಯೆ ನಿಮ್ಮಲ್ಲಿದೆ. ಅಲ್ಲಿ ಅದಕ್ಕೆ ಬೆಲೆಯಿದೆ. ಅವರು ಪೂರ್ತಿ ಒಪ್ಪಲಿಲ್ಲ. ಅವರ ತಮ್ಮನ ಮಗ ಒಪ್ಪಿದ. ಅಬಿಜಾನ್‌ನ ಗೇರು ಯಂತ್ರೋಪಕರಣ ಮೇಳಕ್ಕೆ ಬಂದ, ಸುಲಿಯುವ ಯಂತ್ರಗಳ ವ್ಯಾಪಾರ ಹಿಡಿದ, ಊರಿನಿಂದ ಮೇಸ್ತ್ರಿಗಳನ್ನೂ ಕರೆದೊಯ್ದ.

ಐವರಿ ಕೋಸ್ಟ್‌ನ ಫಸಲು 2022ರಲ್ಲಿ 10 ಲಕ್ಷ ಟನ್ ದಾಟಿತು. ಅಲ್ಲೇ ಸಂಸ್ಕರಿಸುವ ಪ್ರಮಾಣವೂ ಈಗ ವರ್ಷಕ್ಕೆ 2 ಲಕ್ಷ ಟನ್ ಮೀರಿದೆ. ನಾನು ಹೋದಾಗ ಇದ್ದದ್ದಕ್ಕೆ ಇದು ಹಲವು ಪಟ್ಟು.

ಬೆನಿನ್ ಇನ್ನೂ ಬಿರುಸಿನ ದಾರಿ ಹಿಡಿಯಿತು. 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿ, ಗ್ಲೋ ಜಿಗ್ಬೆಯ ಕೈಗಾರಿಕಾ ವಲಯಕ್ಕೆ ಕಾರ್ಖಾನೆಗಳನ್ನು ಕರೆಯಿತು. ನನ್ನ ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ನನಗೆ ಅಷ್ಟು ಧೈರ್ಯ ಬರಲಿಲ್ಲ. ಹೊರಗಿನ ಖರೀದಿದಾರ ಇಲ್ಲದಿದ್ದರೆ ಧಾರಣೆ ಕಟ್ಟುವವರು ಕಾರ್ಖಾನೆಯವರೇ. ಘಾನಾ 2016ರಲ್ಲಿ ಹಾಕಿದ ನಿರ್ಬಂಧವನ್ನು ಗದ್ದಲವಾದ ಮೇಲೆ ಹಿಂತೆಗೆದುಕೊಂಡದ್ದು ನನಗೆ ನೆನಪಿದೆ. ಹಾಗಾಗಿ ಹೂಡಿಕೆದಾರರ ಸಭೆಗೆ ಕರೆದವರಿಗೆ ನಾನೀಗ ಒಂದು ಷರತ್ತು ಹಾಕುತ್ತೇನೆ: ಮಂತ್ರಿ, ಬ್ಯಾಂಕು, ಕಾರ್ಖಾನೆಯವರ ಜೊತೆ ರೈತರ ಸಹಕಾರ ಸಂಘದವರೂ ಮೇಜಿಗೆ ಬರಬೇಕು, ಆ ಹಂಗಾಮಿನ ಕನಿಷ್ಠ ಧಾರಣೆ ಎಷ್ಟು ಎನ್ನುವುದು ಮೊದಲ ವಿಷಯವಾಗಬೇಕು. ಕೆಲವರು ಒಪ್ಪುತ್ತಾರೆ. ಒಪ್ಪದವರು ಇನ್ನೊಬ್ಬ ಸಲಹೆಗಾರನನ್ನು ಹುಡುಕಿಕೊಳ್ಳುತ್ತಾರೆ.